ಬ್ಯಾಂಡಿನವರ ಕೆಂಪು ಕ್ಯಾಸೆಟ್ಟು

ನನ್ನ ತವರು ಟಿ. ನರಸೀಪುರ. ನಮ್ಮ ಬೀದಿಯ ಕೊನೆಯಲ್ಲಿದ್ದ ಹೆಂಚಿನ ಮನೆಯ ಜಗಲಿಯಿಂದ ಹಗಲೆಲ್ಲ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು, ಸಂಜೆಯಾದರೆ ಕ್ಲಾರಿನೆಟ್ಟಿನ ಸದ್ದು. ಎರಡೂ ಒಬ್ಬರದೇ ಕೆಲಸ. ಅವರು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಟೈಲರ್. ಲಗ್ನದ ಕಾಲ ಬಂತೆಂದರೆ ಹತ್ತು ಜನರ ಬ್ಯಾಂಡ್‌ಸೆಟ್ಟಿಗೆ ಮಾಸ್ಟರು. ಬ್ಯಾಂಡಿನವರ ಮೆರೂನ್ ಕೋಟುಗಳನ್ನೂ ಅವರೇ ಹೊಲಿದಿದ್ದರು. ಕೊನೆಯ ಕೋಟಿಗೆ ಬಟ್ಟೆ ಸಾಲದೆ, ದೊಡ್ಡ ಡ್ರಮ್ಮು ಬಾರಿಸುವ ಸೈಕಲ್ ಶಾಪಿನವನಿಗೆ ಮಾತ್ರ ಎರಡೂ ತೋಳು ನೀಲಿ. ದೂರದ ಮೆರವಣಿಗೆಯಲ್ಲಿ ಆ ನೀಲಿ ತೋಳು ಕಂಡರೆ ಸಾಕು, ನಮ್ಮ ಬೀದಿಯ ಬ್ಯಾಂಡು ಎಂದು ಗೊತ್ತಾಗುತ್ತಿತ್ತು.

ಬೇರೆ ಬ್ಯಾಂಡಿನವರೆಲ್ಲ ಸಿನಿಮಾ ಹಾಡು ಬಾರಿಸುತ್ತಿದ್ದರು. ನಮ್ಮವರೂ ಬಾರಿಸುತ್ತಿದ್ದರು, ಇಲ್ಲದಿದ್ದರೆ ಕುಣಿಯಲು ಬಂದವರು ಬಿಡಬೇಕಲ್ಲ. ಆದರೆ ಮೆರವಣಿಗೆ ಮುಗಿದು ಜನ ಊಟಕ್ಕೆ ಕೂತ ಮೇಲೆ ಮಾಸ್ಟರು ಡ್ರಮ್ಮು ನಿಲ್ಲಿಸಿ, ಕ್ಲಾರಿನೆಟ್ಟಿನಲ್ಲಿ ಹಳ್ಳಿಯ ಪದಗಳ ಧಾಟಿ ತೆಗೆಯುತ್ತಿದ್ದರು. ಬೀಸುವ ಪದ, ಮಾದಪ್ಪನ ಪದ, ಸೋಬಾನೆ. ಸಂಜೆ ಜಗಲಿಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದೂ ಅವನ್ನೇ. ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ ಕೇಳುತ್ತಿದ್ದೆ. ಪಾತ್ರೆ ಮುಗಿದರೂ ಪದ ಮುಗಿಯದಿದ್ದರೆ ಬೆಳಗಿದ ಚೊಂಬನ್ನೇ ಇನ್ನೊಂದು ಸಲ ಬೆಳಗುತ್ತಿದ್ದೆ.

ತೊಂಬತ್ತರ ದಶಕ ಶುರುವಾದ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಬಂತು. ಆ ಅಂಗಡಿಯವನು ಖಾಲಿ ಇದ್ದ ಛತ್ರವೊಂದರಲ್ಲಿ ಎರಡು ಮೈಕು ನಿಲ್ಲಿಸಿ ಮಾಸ್ಟರ ಬ್ಯಾಂಡನ್ನು ರೆಕಾರ್ಡ್ ಮಾಡಿದ. ನೂರು ಕ್ಯಾಸೆಟ್ಟು ಮಾಡಿದರಂತೆ. ಕವರಿಗೆ ಕೆಂಪು ಇಂಕು. ಪ್ರೆಸ್ಸಿನವನು ಕ್ಲಾರಿನೆಟ್ ಎನ್ನುವುದನ್ನು ‘ಕ್ಯಾರಿನೆಟ್’ ಎಂದು ಅಚ್ಚು ಹಾಕಿದ್ದ. ಮಾಸ್ಟರು ಅದನ್ನು ಅಂಗಡಿಯಲ್ಲಿ ಮಾರಲು ಕೊಡಲಿಲ್ಲ. ಮದುವೆಗೆ ಬ್ಯಾಂಡು ಗೊತ್ತು ಮಾಡಿದವರಿಗೆ ಮಾತ್ರ ಒಂದೊಂದು ಕೊಡುತ್ತಿದ್ದರು.

ನಾನು ಒಂದು ದಿನ ಜಗಲಿಗೆ ಹೋಗಿ ಕೇಳಿಯೇಬಿಟ್ಟೆ. “ಮಾಸ್ಟ್ರೇ, ನಂಗೂ ಒಂದ್ ಕ್ಯಾಸೆಟ್ ಕೊಡಿ.”

ಅವರು ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು ನಕ್ಕರು. “ಮದ್ವೆ ಆಗವ್ವ, ಕೊಡ್ತೀನಿ.”

ಮುಂದಿನ ವರ್ಷ ನನ್ನ ಮದುವೆ ನಂಜನಗೂಡಿನ ಕಡೆ ಗೊತ್ತಾಯಿತು. ಬುದ್ಧನ ಪಟದ ಮುಂದೆ ಸರಳವಾಗಿ ಮದುವೆ ಮಾಡುವುದು ನಮ್ಮ ಮನೆಯ ಪದ್ಧತಿ. ಅಪ್ಪ ನೀರಾವರಿ ಆಫೀಸಿನಲ್ಲಿ ಅಟೆಂಡರ್, ಆಡಂಬರ ಅಂದರೆ ಅವರಿಗೆ ಆಗುತ್ತಿರಲಿಲ್ಲ. ನಾನು ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ, ಬ್ಯಾಂಡೊಂದು ಇರಲಿ ಅಂದೆ. ಅಪ್ಪ ನನ್ನ ಮುಖ ನೋಡಿ, “ನಿಂಗೆ ಬೇಕಾಗಿರದು ಬ್ಯಾಂಡಾ, ಆ ಕ್ಯಾಸೆಟ್ಟಾ?” ಎಂದು ಕೇಳಿದರು. ಮಾರನೇ ದಿನ ಅವರೇ ಹೋಗಿ ಬ್ಯಾಂಡು ಗೊತ್ತು ಮಾಡಿ, ಕೆಂಪು ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಬಂದರು.

ನಂಜನಗೂಡಿನ ನಮ್ಮ ಮನೆಯಲ್ಲಿ ಆಗ ಮೂರೇ ಜನ. ನಮ್ಮ ಯಜಮಾನರಿಗೆ ಬಜಾರಿನಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ನಾನು ಮದುವೆಯಾದ ಮೂರು ತಿಂಗಳಿಗೆ ತಾಂಡ್ಯದ ಒಂದು ನೂಲಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಮೂರನೆಯವರು ನಮ್ಮತ್ತೆ. ಭಾನುವಾರ ಬೆಳಿಗ್ಗೆ ನಾನು ಟೇಪ್‌ರೆಕಾರ್ಡರಿಗೆ ಕೆಂಪು ಕ್ಯಾಸೆಟ್ಟು ಹಾಕಿದರೆ ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

“ದಿನಾ ಮದ್ವೆಯೇನವ್ವಾ ನಮ್ಮನೇಲಿ?” ಎಂದು ಹೋಗುತ್ತಾ ಒಂದು ಮಾತು ಬಿಸಾಕುತ್ತಿದ್ದರು. ಎದುರು ಮನೆಯವರು ನಿಜವಾಗಿಯೂ ಒಂದು ಸಲ ಬಂದು, ಯಾರ ಮದುವೆ ಎಂದು ಕೇಳಿಕೊಂಡು ಹೋದರು.

ಅತ್ತೆಗೆ ಬ್ಯಾಂಡಿನವರ ಮೇಲೆ ಸಿಟ್ಟಿತ್ತು. ಅವರ ತವರು ಚಿಕ್ಕಯ್ಯನಛತ್ರದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರು ಸೋಬಾನೆ ಪದ ಹೇಳುವವರ ಗುಂಪಿನಲ್ಲಿ ಮುಂದಾಳು. ಚಪ್ಪರ ಹಾಕುವ ದಿನದಿಂದ ಹೆಣ್ಣು ಕಳಿಸುವ ತನಕ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ, ಎಲ್ಲವೂ ಅವರ ಬಾಯಲ್ಲಿತ್ತು. “ಬ್ಯಾಂಡ್ ಬಂದ್ಮೇಲೆ ನಮ್ ಪದ ಕೇಳೋರ್ಯಾರು? ನಾವ್ ಬಾಯ್ ತೆಗ್ಯದೆ ತಡ, ಧಡ್ ಧಡ್ ಅಂತ ಬಡ್ದ್‌ಬುಡೋರು. ಬಾಯ್ ಮುಚ್ಕಂಡು ಎಲಡ್ಕೆ ಆಕ್ಕಂಡು ಕುಂತ್ಕಬೇಕಾಯ್ತು,” ಎನ್ನುತ್ತಿದ್ದರು.

ಹೀಗೆ ನಾಲ್ಕೈದು ತಿಂಗಳಾಗಿರಬೇಕು. ಒಂದು ಭಾನುವಾರ ನಾನು ಬಟ್ಟೆ ಮಡಿಸುತ್ತಾ ಕೂತು, ಕ್ಯಾಸೆಟ್ಟಿನ ಎರಡನೇ ಮಗ್ಗುಲು ಪೂರ್ತಿ ಓಡಲು ಬಿಟ್ಟಿದ್ದೆ. ಅದರ ಕೊನೆಗೆ ಒಂದು ನಿಧಾನದ ಪದವಿತ್ತು, ಬರೀ ಕ್ಲಾರಿನೆಟ್ಟು. ಅದು ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆ ಹಿತ್ತಲಿಂದ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡಿತ್ತು.

“ತಿರ್ಗ ಹಿಂದುಕ್ ಓಡ್ಸು,” ಅಂದರು.

ನಾನು ಹಿಂದಕ್ಕೆ ಓಡಿಸಿದೆ. ನಿಂತೇ ಕೇಳಿದರು.

“ಇದು ನಮ್ ಪದ ಕಣವ್ವ. ಎಣ್ಣ ಒಪ್ಸೋ ಪದ. ಈ ವಯ್ಯ ಎಲ್ಲಿ ಕಲ್ತ?”

ಹೆಣ್ಣೊಪ್ಪಿಸುವ ಪದವೆಂದರೆ, ಮದುವೆ ಮುಗಿದು ಮಗಳನ್ನು ಗಂಡಿನ ಮನೆಯವರ ಕೈಗೆ ಕೊಡುವಾಗ ತಾಯಿಯ ಕಡೆಯ ಹೆಂಗಸರು ಹೇಳುವುದು. ಅತ್ತೆ ಇನ್ನೂ ಎರಡು ಸಲ ಹಿಂದಕ್ಕೆ ಓಡಿಸಿದರು. ಮೂರನೇ ಸಾಲು ಬರುತ್ತಲೇ ಮುಖ ಗಂಟು ಹಾಕಿಕೊಂಡರು.

“ತಪ್ಪು. ಇಲ್ಲಿ ದನಿ ಇಳೀಬೇಕು. ಇವ್ನು ಏರುಸ್ತಾವ್ನೆ. ಎಣ್ಣ ಒಪ್ಸುವಾಗ ಯಾರಾರಾ ದನಿ ಏರುಸ್ತಾರಾ? ಜಗಳಕ್ ನಿಂತಂಗಾಯ್ತದೆ.”

ಅಂದಿನಿಂದ ಅತ್ತೆ ಹಿತ್ತಲಿಗೆ ಹೋಗುವುದು ನಿಂತಿತು. ನಾನು ಕೆಲಸದಿಂದ ಬರುವ ಹೊತ್ತಿಗೆ ಅವರೇ ಟೇಪು ಹಾಕಿಕೊಂಡು ಆ ಮೂರನೇ ಸಾಲಿಗೆ ಕಾಯುತ್ತಾ ಕೂತಿರುತ್ತಿದ್ದರು. ಅದು ಬರುತ್ತಲೇ “ತಪ್ಪು” ಎಂದು ಹೇಳಿ ಆರಿಸುತ್ತಿದ್ದರು. ಹತ್ತು ದಿನ ಹೀಗಾದ ಮೇಲೆ, “ನಡಿ, ಆ ಮಾಸ್ಟ್ರು ಯಾರು ನಂಗ್ ತೋರ್ಸು,” ಅಂದರು.

ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನನಗೆ ಹೆದರಿಕೆ. ನನ್ನ ತವರಿನ ಬೀದಿಯಲ್ಲೇ ಅತ್ತೆ ಜಗಳ ತೆಗೆದರೆ ಏನು ಗತಿ ಎಂದುಕೊಂಡೆ. ಮಾಸ್ಟರು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಯಾವುದೋ ಚಡ್ಡಿಗೆ ಗುಂಡಿ ಕಾಜಾ ಹಾಕುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತವರೇ ಕೇಳಿದರು.

“ಎಣ್ಣ ಒಪ್ಸೋ ಪದ ಯಾರ್ ಕಲ್ಸುದ್ರಪ್ಪ ನಿಂಗೆ?”

“ಯಾರೂ ಕಲ್ಸ್ಲಿಲ್ಲ ಅಕ್ಕ. ನಮ್ಮವ್ವ ಏಳ್ತಿದ್ದುದ್ದ ಕೇಳಿದ್ದೆ. ಅವ್ವ ತೀರ್ಕಂಡಾಗ ನಂಗಿನ್ನೂ ಹತ್ತೊರ್ಸ. ನೆನಪಿದ್ದಷ್ಟ ನುಡ್ಸಿವ್ನಿ.”

ಅತ್ತೆಯ ದನಿ ಅಲ್ಲಿಗೆ ಮೆತ್ತಗಾಯಿತು. “ಮೂರ್ನೇ ಸಾಲು ವಸಿ ತಪ್ಪದೆ ಕಣಪ್ಪ. ಕೇಳು,” ಎಂದು ಆ ಸಾಲನ್ನಷ್ಟೇ ಮೆಲ್ಲಗೆ ಹೇಳಿ ತೋರಿಸಿದರು. ಅತ್ತೆ ಪದ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಮಾಸ್ಟರು ಕ್ಲಾರಿನೆಟ್ಟು ತಂದು ಅವರ ಹಿಂದೆಯೇ ನುಡಿಸಿದರು. ನಾಲ್ಕನೇ ಸಲಕ್ಕೆ ಸಾಲು ಸರಿಯಾಗಿ ಇಳಿಯಿತು.

“ನೀವ್ ಏಳದೇ ಸರಿ ಇರ್ಬೌದು ಅಕ್ಕ. ನಾನಾಗ ಚಿಕ್ಕೋನು,” ಎಂದು ಮಾಸ್ಟರು ಒಪ್ಪಿಕೊಂಡರು. ನಮಗೆ ಟೀ ತರಿಸಿಕೊಟ್ಟರು.

ಮಾರನೇ ವರ್ಷ ಎರಡನೇ ಸಲದ ಕ್ಯಾಸೆಟ್ಟು ಬಂತು. ಈ ಸಲ ಹಸಿರು ಕವರು. ‘ಕ್ಲಾರಿನೆಟ್’ ಸರಿಯಾಗಿ ಅಚ್ಚಾಗಿತ್ತು, ಮೂರನೇ ಸಾಲು ಇಳಿದಿತ್ತು. ಇದನ್ನು ಅಂಗಡಿಯಲ್ಲೂ ಮಾರಿದರು. ಮಾಸ್ಟರು ನಮಗೊಂದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟರು. ನಾನು ತವರಿಗೆ ಹೋದಾಗ ಇನ್ನೊಂದು ಕೊಂಡುಕೊಂಡೆ, ಕೂಡಿಸಿಡುವ ಚಟ ಹತ್ತಿದ್ದು ಅಲ್ಲಿಂದ. ಹಸಿರು ಇಂಕು ಮುಗಿದು ನೀಲಿಯಲ್ಲಿ ಅಚ್ಚಾದ ಕವರು ಬಂತು, ಅದನ್ನೂ ತಂದೆ. ಒಂದು ಸಲ ಅಂಗಡಿಯವನು ಕಡಿಮೆ ನಿಮಿಷದ ಕ್ಯಾಸೆಟ್ಟಿಗೆ ತುಂಬಲು ಹೋಗಿ ಕೊನೆಯ ಪದ ಅರ್ಧಕ್ಕೇ ನಿಂತುಹೋಗಿತ್ತು. ಜನ ಅವನ್ನು ವಾಪಸು ಕೊಡಲು ಬಂದರೆ ನಾನು ಹುಡುಕಿಕೊಂಡು ಹೋಗಿ ತಂದೆ. ಯುಗಾದಿಗೆಂದು ಬೆನ್ನಿಗೆ ಕ್ಯಾಲೆಂಡರ್ ಅಚ್ಚು ಹಾಕಿದ ಕವರೂ ಒಂದಿತ್ತು.

ಕಾರ್ಖಾನೆಯಲ್ಲಿ ನನ್ನ ಪಕ್ಕ ಪ್ಯಾಕಿಂಗಿಗೆ ನಿಲ್ಲುತ್ತಿದ್ದ ಗೆಳತಿ ನಗುತ್ತಿದ್ದಳು. “ಒಂದೇ ಹಾಡ ಎಷ್ಟ್ ಸಲ ತಕತೀಯೇ? ಕವರ್ ಬಣ್ಣ ಬೇರೆ ಆದ್ರೆ ಹಾಡೂ ಬೇರೆ ಆಯ್ತದಾ?”

ಅವಳಿಗೆ ಹೇಳಿ ಹೇಳಿ ನನಗೆ ಸಾಕಾಯಿತು. ಒಂದರಲ್ಲಿ ಛತ್ರದ ಫ್ಯಾನಿನ ಸದ್ದು ಕೇಳುತ್ತದೆ, ಇನ್ನೊಂದರಲ್ಲಿ ಕೇಳುವುದಿಲ್ಲ. ಒಂದರಲ್ಲಿ ಡ್ರಮ್ಮಿನವನು ಒಂದು ಪೆಟ್ಟು ಮೊದಲೇ ಹಾಕಿ ತಡೆದುಕೊಳ್ಳುತ್ತಾನೆ. ಇವನ್ನೆಲ್ಲ ಮೊದಲು ಪತ್ತೆ ಮಾಡುತ್ತಿದ್ದವರು ಅತ್ತೆ. ಓದು ಬಾರದಿದ್ದರೂ ಕವರಿನ ಬಣ್ಣ ನೋಡಿ, ಯಾವುದರಲ್ಲಿ ಏನಿದೆ ಎಂದು ಹೇಳಿಬಿಡುತ್ತಿದ್ದರು. ಮನೆಗೆ ಯಾರೇ ಬರಲಿ, ಹಸಿರು ಕ್ಯಾಸೆಟ್ಟು ಹಾಕಿಸಿ, “ಈ ಸಾಲ ನಾನೇ ತಿದ್ಸುದ್ದು,” ಎಂದು ಹೇಳಿಕೊಳ್ಳುತ್ತಿದ್ದರು. ಆ ಹೆಮ್ಮೆ ಆರೇಳು ವರ್ಷ ನಡೆಯಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಸುತ್ತೂರಿನ ಕಡೆ ನೆಂಟರೊಬ್ಬರ ಮದುವೆಗೆ ಹೋಗಿದ್ದೆವು. ಹೆಣ್ಣಿನ ಕಡೆಯವರು ಹೊಳೆಯಾಚೆಯ ಊರಿನವರು. ಹೆಣ್ಣು ಒಪ್ಪಿಸುವ ಹೊತ್ತಿಗೆ ಆ ಕಡೆಯ ನಾಲ್ಕು ಜನ ಮುದುಕಿಯರು ಪದ ಎತ್ತಿದರು. ಮೂರನೇ ಸಾಲಿಗೆ ನಾಲ್ಕೂ ಜನ ಒಟ್ಟಿಗೆ ದನಿ ಏರಿಸಿದರು. ಮಾಸ್ಟರು ಕೆಂಪು ಕ್ಯಾಸೆಟ್ಟಿನಲ್ಲಿ ನುಡಿಸಿದ್ದ ಹಾಗೆಯೇ.

ಪದ ಮುಗಿಯುತ್ತಲೇ ಅತ್ತೆ ಅವರ ನಡುವೆ ನುಗ್ಗಿ ಕೂತರು. “ಏನ್ರವ್ವಾ, ಮೂರ್ನೇ ಸಾಲ ಇಂಗೇರುಸ್ತೀರಿ?”

ಅವರಲ್ಲಿ ಹಿರಿಯಳು ಎಲೆಗೆ ಸುಣ್ಣ ಸವರುತ್ತಾ ಹೇಳಿದಳು. “ಏರುಸ್ದೆ ಮತ್ತೆ? ಗಂಡಿನ ಕಡೆಯೋರ್ಗೆ ಸರಿಯಾಗ್ ಕೇಳ್ಬೇಕಲ್ವಾ? ಕೊಡದು ಕೊಡ್ತೀವಿ, ಚೆಂದಾಗ್ ನೋಡ್ಕಳ್ಳಿ ಅಂತ ಗಟ್ಟಿಯಾಗೇ ಏಳದು. ನಮ್ ಸೀಮೇಲಿ ಅಂಗೇಯಾ.”

ಬಸ್ಸಿನಲ್ಲಿ ನಂಜನಗೂಡಿಗೆ ವಾಪಸು ಬಂದೆವು. ಇಳಿಯುತ್ತಲೇ ಅತ್ತೆ, “ಮಾಸ್ಟ್ರವ್ವ ಏಳ್ಕೊಟ್ಟಿದ್ದುದ್ದ ನಾನ್ ಓಗಿ ಕೆಡ್ಸುದ್ನಲ್ಲವ್ವ,” ಅಂದರು. ಆ ಭಾನುವಾರವೇ ಮತ್ತೆ ಟಿ. ನರಸೀಪುರಕ್ಕೆ ಹೊರಟೆವು.

ಮಾಸ್ಟರ ಕೂದಲು ಆಗಲೇ ಬೆಳ್ಳಗಾಗಿತ್ತು. ಅತ್ತೆ ಹೇಳಿದ್ದನ್ನು ಕೇಳಿ ಮಿಷನ್ನಿನ ಮೇಲಿಂದ ಕಾಲು ತೆಗೆದರು.

“ನಿಮ್ಮವ್ವ ಯಾವೂರೋರಪ್ಪ?”

“ಅದೇ ಊರು ಅಕ್ಕ. ಹೊಳೆ ಆಚೆ.”

“ಅಂಗಾರೆ ನಿಮ್ಮವ್ವ ಏಳ್ತಿದ್ದುದ್ದೇ ಸರಿ. ನಂದು ನಮ್ಮೂರ್ ಪದ, ನಿಂದು ನಿಮ್ಮೂರ್ ಪದ. ತಪ್ಪು ನಂದು ಕಣಪ್ಪ.”

ಮಾಸ್ಟರು ಒಳಗೆ ಹೋಗಿ ಕ್ಲಾರಿನೆಟ್ಟು ತಂದರು. ಮೂರನೇ ಸಾಲಿನವರೆಗೂ ಬಂದರು. ಅಲ್ಲಿ ದನಿ ತಾನಾಗಿ ಇಳಿದುಬಿಟ್ಟಿತು. ಮತ್ತೆ ನುಡಿಸಿದರು, ಮತ್ತೆ ಇಳಿಯಿತು. ಅಷ್ಟು ವರ್ಷ ಮದುವೆ ಮದುವೆಯಲ್ಲೂ ಇಳಿಸಿ ಇಳಿಸಿ, ಏರುವ ದಾರಿ ಅವರಿಗೆ ಮರೆತೇಹೋಗಿತ್ತು. “ಆ ಮೂಲೆ ತಿರುಗ್ತಲೇ ಜಾರ್ಕತದೆ,” ಎಂದು ನಕ್ಕರೂ ಮುಖ ಸಪ್ಪಗಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. “ಆ ಕೆಂಪ್ ಕ್ಯಾಸೆಟ್ ನಿನ್ನತ್ರ ಅದಾ ಮಗಾ? ನನ್ನತ್ರ ಒಂದೂ ಉಳ್ದಿಲ್ಲ. ಅಂಗ್ಡಿಯೋನು ಮೂಲದ್ ಟೇಪಿನ್ ಮ್ಯಾಲೆ ಸಿನ್ಮಾ ಹಾಡ್ ತುಂಬ್ಸ್‌ಬುಟ್ಟವ್ನೆ.”

ನನ್ನ ಹತ್ತಿರ ಇತ್ತು. ಆದರೆ ಅತ್ತೆ ಹತ್ತಾರು ಸಲ ಹಿಂದಕ್ಕೆ ಮುಂದಕ್ಕೆ ಓಡಿಸಿ ಸರಿಯಾಗಿ ಅದೇ ಜಾಗದಲ್ಲಿ ರೀಲು ಸುಕ್ಕುಗಟ್ಟಿ ಹರಿದಿತ್ತು. ಯಜಮಾನರು ಎರಡು ಸಲ ಅಂಟಿಸಿಕೊಟ್ಟಿದ್ದರು. ಆ ಅಂಟಿನಲ್ಲಿ ಮೂರನೇ ಸಾಲೇ ಮಾಯ.

ಹಾಗಾಗಿ ಇನ್ನೊಂದು ಕೆಂಪು ಕ್ಯಾಸೆಟ್ಟು ಹುಡುಕುವ ಕೆಲಸ ಶುರುವಾಯಿತು. ಆ ಕಾಲದಲ್ಲಿ ಯಾರ್ಯಾರ ಮದುವೆಗೆ ಬಾರಿಸಿದ್ದರೆಂದು ಮಾಸ್ಟರಿಗೆ ಬಾಯಲ್ಲೇ ಇತ್ತು. ನಾನೂ ಅತ್ತೆಯೂ ಪ್ರತಿ ಭಾನುವಾರ ಒಂದೊಂದು ಊರು ಹಿಡಿದೆವು. ನನಗಂತೂ ಅಷ್ಟು ಖುಷಿಯ ಭಾನುವಾರಗಳು ಮತ್ತೆ ಬರಲಿಲ್ಲ. ಯಾರದೋ ಮನೆಯ ಬಾಗಿಲಲ್ಲಿ ನಿಂತು, “ನಿಮ್ ಮದ್ವೇಲಿ ಕೊಟ್ಟಿದ್ ಕ್ಯಾಸೆಟ್ ಅದಾ?” ಎಂದು ಕೇಳಿದರೆ, ಅವರು ಮೊದಲು ಕೂರಿಸಿ ಮಜ್ಜಿಗೆ ಕೊಟ್ಟು ಆಮೇಲೆ ಇಲ್ಲ ಎನ್ನುತ್ತಿದ್ದರು. ಒಂದು ಮನೆಯಲ್ಲಿ ಕ್ಯಾಸೆಟ್ಟೇನೋ ಸಿಕ್ಕಿತು, ಆದರೆ ಅದರ ಮೇಲೆ ಮಗುವಿನ ತೊದಲು ಮಾತು ತುಂಬಿಸಿದ್ದರು. ಆ ಮಗು ಈಗ ಐದನೇ ಕ್ಲಾಸು. ನಮ್ಮ ಪಕ್ಕವೇ ಕೂತು ತನ್ನ ಮಾತು ಕೇಳಿ ನಾಚಿಕೊಂಡಿತು. ಚಿಕ್ಕಯ್ಯನಛತ್ರದ ಕಡೆ ಒಬ್ಬ ರೈತ ತಲೆ ಕೆರೆದುಕೊಂಡ. “ಅದಾ? ಅಕ್ಕಿ ಕಾಯಕ್ಕೆ ಅಂತ ಜೋಳದ ಒಲಕ್ ಕಟ್‌ಬುಟ್ಟೆ ಕಣಮ್ಮ.” ಹಕ್ಕಿ ಹೆದರಿಸಲು ರೀಲು ಬಿಚ್ಚಿ ಹೊಲದ ಉದ್ದಕ್ಕೂ ಎಳೆದು ಕಟ್ಟಿದ್ದನಂತೆ. ಗಾಳಿಗೆ ಚೆನ್ನಾಗಿಯೇ ಗುಂಯ್‌ಗುಟ್ಟುತ್ತಿತ್ತು ಎಂದ. ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಸಿಕ್ಕಿದ್ದು ಐದನೆಯದೋ ಆರನೆಯದೋ ಭಾನುವಾರ, ಟಿ. ನರಸೀಪುರದ ದಾರಿಯ ಒಂದು ಹಳ್ಳಿಯಲ್ಲಿ. ಆ ಮನೆಯ ಹೆಂಗಸು ನನ್ನ ವಯಸ್ಸಿನವಳು, ಕೂಲಿ ಕೆಲಸದವಳು. ಮದುವೆಯ ಆಲ್ಬಮ್ಮಿನ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೆಂಪು ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ.

“ನಮ್ಮನೇಲಿ ಟೇಪ್ ಇಲ್ವಲ್ಲಕ್ಕ. ಮದ್ವೇದು ಅಂತ ಮಡ್ಗಿದ್ದೆ. ಇದ್ರೊಳ್ಗೆ ಏನದೆ ಅಂತ ನಾನೇ ಕೇಳಿಲ್ಲ,” ಅಂದಳು.

ಕೂಡಿಸಿಡುವವಳಾದ ನನಗೆ ಒಳಗೊಳಗೇ ಆಸೆಯಾಯಿತು. ಕೊಡುತ್ತೀಯಾ ಎಂದು ಕೇಳಿಯೂಬಿಟ್ಟೆ. ಅವಳು ತಲೆಯಾಡಿಸಿದಳು. “ಕೊಡಕ್ಕಾಗಲ್ಲ. ಬೇಕಾದ್ರೆ ನಾನೇ ಎತ್ಕಂಡ್ ಬತ್ತೀನಿ.” ನನಗೆ ನಾಚಿಕೆಯಾಯಿತು. ಅವಳು ಅಲ್ಲೇ ಸೀರೆ ಬದಲಾಯಿಸಿಕೊಂಡು ನಮ್ಮ ಜೊತೆ ಬಸ್ಸು ಹತ್ತಿದಳು. ಟಿ. ನರಸೀಪುರ ಬರುವವರೆಗೂ ಕ್ಯಾಸೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಮಾಸ್ಟರ ಜಗಲಿಯಲ್ಲಿ ಅವಳೇ ಪ್ಲಾಸ್ಟಿಕ್ಕು ಹರಿದಳು. ಎಲ್ಲರೂ ಎರಡನೇ ಮಗ್ಗುಲಿನ ಕೊನೆಯವರೆಗೂ ಕಾದೆವು. ಮೂರನೇ ಸಾಲು ಏರಿತು. ಮಾಸ್ಟರು ಟೇಪಿನ ಕಡೆಗೇ ಕಿವಿ ಬಾಗಿಸಿ, ಖಾಲಿ ಕೈಯಲ್ಲಿ ಬೆರಳು ಆಡಿಸುತ್ತಿದ್ದರು. “ಎಷ್ಟ್ ಸಲೀಸಾಗ್ ಏರ್ಸಿವ್ನಿ ನೋಡಕ್ಕ,” ಎಂದು ಅತ್ತೆಗೆ ಹೇಳಿದರು. ಆ ಹೆಂಗಸು, ತನ್ನ ಮದುವೆಯ ಊಟದ ಹೊತ್ತಿಗೆ ಇದನ್ನೇ ಬಾರಿಸಿದ್ದರು, ಈಗ ಜ್ಞಾಪಕ ಬಂತು ಎಂದಳು. ಸಂಜೆಯ ಹೊತ್ತಿಗೆ ಮಾಸ್ಟರ ಬೆರಳಿಗೆ ಏರುವ ದಾರಿ ಮತ್ತೆ ಸಿಕ್ಕಿತು.

ಮೂರನೇ ಸಲದ ಕ್ಯಾಸೆಟ್ಟು ಹಳದಿ ಕವರಿನದು. ಛತ್ರ ಖಾಲಿಯಿದ್ದ ಒಂದು ಬುಧವಾರ ರೆಕಾರ್ಡಿಂಗು. ನಾನು ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಹೋದೆ. ಮಾಸ್ಟರು ಎಷ್ಟು ಕೇಳಿಕೊಂಡರೂ ಅತ್ತೆ ಮೈಕಿನ ಮುಂದೆ ಪದ ಹೇಳಲು ಒಪ್ಪಲಿಲ್ಲ. “ಅವತ್ತು ತಿದ್ದಕ್ಕೆ ಅಂತ ಒಂದ್ ಸಾಲ್ ಏಳ್ದೆ. ಮದ್ವೆ ಇಲ್ದೆ ಎಣ್ಣ ಒಪ್ಸೋ ಪದ ಪೂರ್ತಿ ಬಾಯಲ್ ಏಳ್ಬಾರ್ದು ಕಣಪ್ಪ. ನೀನ್ ನುಡ್ಸು, ಕೇಳ್ತೀನಿ,” ಎಂದು ಕಂಬಕ್ಕೆ ಒರಗಿ ಕೂತರು. ಮಾಸ್ಟರು ಮೊದಲು ಅತ್ತೆಯ ಊರಿನ ಹಾಗೆ ಇಳಿಸಿ ನುಡಿಸಿದರು. ಒಂದು ಉಸಿರು ನಿಲ್ಲಿಸಿ, ತಮ್ಮ ತಾಯಿಯ ಊರಿನ ಹಾಗೆ ಏರಿಸಿ ನುಡಿಸಿದರು. ಕವರಿನ ಮೇಲೆ ‘ಎರಡು ಊರಿನ ಹೆಣ್ಣೊಪ್ಪಿಸುವ ಪದ’ ಎಂದು ಅಚ್ಚು ಹಾಕಿಸಿದರು. ಮೊದಲನೆಯದನ್ನು ಬಸ್ಸಿನಲ್ಲಿ ಬಂದಿದ್ದ ಆ ಹೆಂಗಸಿಗೆ ಕೊಟ್ಟು, ಎರಡನೆಯದನ್ನು ಅತ್ತೆಯ ಕೈಗೆ ಕೊಟ್ಟರು. ಯಾವುದು ಚೆನ್ನ ಎಂದು ನಾನು ಅತ್ತೆಯನ್ನು ಕೇಳಿದೆ. ಒಂದು ದಿನ ಇದು, ಒಂದು ದಿನ ಅದು ಎಂದರು.

ಅದಾಗಿ ಮೂರು ನಾಲ್ಕು ವರ್ಷಕ್ಕೆ ಕ್ಯಾಸೆಟ್ಟು ಕೊಳ್ಳುವವರು ಇಲ್ಲವಾದರು. ಕ್ಯಾಸೆಟ್ ಅಂಗಡಿಯವನು ಮೊಬೈಲ್ ಕರೆನ್ಸಿ ಮಾರುವ ಅಂಗಡಿ ಮಾಡಲು ಹೊರಟ. ಗೋಡೆಯ ಕಪಾಟು ಬಿಚ್ಚುವಾಗ ನನ್ನನ್ನು ನೆನೆಸಿಕೊಂಡು, ತವರಿಗೆ ಬಂದಿದ್ದ ನನಗೆ ಹೇಳಿ ಕಳಿಸಿದ. ಹೋದರೆ ಒಂದು ಕಟ್ಟು ಕವರು ಕೈಗಿಟ್ಟ. ಹಳದಿಯದರ ಜೊತೆಗೆ ನಾನು ಕಂಡೇ ಇರದ ಒಂದು ನೇರಳೆ ಬಣ್ಣದ ಕವರಿತ್ತು. ಅಚ್ಚಾಗಿತ್ತು, ಆದರೆ ಅದಕ್ಕೆ ಕ್ಯಾಸೆಟ್ಟೇ ಮಾಡಿರಲಿಲ್ಲ. ಮಾಸ್ಟರಿಗೆ ಬಣ್ಣ ಹಿಡಿಸಲಿಲ್ಲವಂತೆ. ನಾನು ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೆಚ್ಚುಕಮ್ಮಿ ಓಡಿಕೊಂಡೇ ಬಂದೆ.

ಮನೆಗೆ ಬಂದು ಅತ್ತೆಗೆ ತೋರಿಸಿದೆ. ಅವರು ನೇರಳೆ ಕವರನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

“ಒಳ್ಗೆ ಏನೂ ಇಲ್ವಲ್ಲವ್ವ. ಇದೂ ನಿನ್ ಲೆಕ್ಕಕ್ ಬತ್ತದಾ?”

“ಬತ್ತದೆ ಅತ್ತೆ. ಇದು ಬೇರೆ ಯಾರತ್ರಾನೂ ಇಲ್ಲ.”

“ಅಂಗಾರೆ ಇಟ್ಕೋ.”

ಇಡಲು ಜಾಗವಿರಲಿಲ್ಲ. ನನ್ನ ಗೂಡು ತುಂಬಿ, ಯಜಮಾನರ ತಂತಿ ಸುರುಳಿಗಳ ಪಕ್ಕಕ್ಕೂ ಕ್ಯಾಸೆಟ್ಟು ಹರಡಿದ್ದವು. ಅತ್ತೆ ಎದ್ದು ಹೋಗಿ ಮಂಚದ ಕೆಳಗಿನ ತಮ್ಮ ಟ್ರಂಕನ್ನು ಎಳೆದರು. ಎರಡು ಸೀರೆಯನ್ನು ಒಂದರ ಮೇಲೊಂದು ಒತ್ತಿ, ಒಂದು ಮಗ್ಗುಲು ಖಾಲಿ ಮಾಡಿ, “ಇಲ್ ಮಡ್ಗು. ನುಸಿಗುಳ್ಗೆ ಆಕಿವ್ನಿ, ಉಳ ಮುಟ್ಟಲ್ಲ,” ಅಂದರು.